ಒಂದೇ ಗುಂಡಿಯ ಆಟ

ಔಲುವಿನ ಹಳೇ ಸಾಮಾನಿನಂಗಡಿ. ಮಧ್ಯಾಹ್ನ ಮೂರಕ್ಕೇ ಕತ್ತಲು.
ತುಯಿರೆ ಗೇಮ್ ಕ್ಯಾಸೆಟ್ಟುಗಳ ಧೂಳು ಊದುತ್ತಾಳೆ.
ಬಂದೂಕಿನದು, ಬೇಡ.
ಇದರಲ್ಲಿ ಮೂಲೆಯ ಗಡಿಯಾರ ಅವಸರಿಸುತ್ತದೆ;
ಮೂರು ವರ್ಷದ ಎಲ್ಮೆರಿಗೆ
ಕಾಲುಚೀಲ ಏರಿಸಲೇ ಅರ್ಧ ಗಂಟೆ ಬೇಕು.
ಮತ್ತೊಂದನ್ನು ಓದಿ ಆಡಬೇಕು. ಅವನಿಗಿನ್ನೂ
ಅಕ್ಷರವೆಂದರೆ ಇರುವೆ ಸಾಲು.

ತಳದಲ್ಲಿ ಸಿಕ್ಕಿತು: ಒಂದು ಗುಂಡಿ, ಒಂದು ಬಾತುಕೋಳಿ,
ಎಣಿಸಿದರೆ ಹದಿನಾರು ಹಳದಿ ಚೌಕ.
ಒತ್ತಿದರೆ ಕೊಳದಲ್ಲಿ ಒಂದು ಹೆಜ್ಜೆ ಮುಂದೆ. ಅಷ್ಟೇ.
ಎರಡು ಯೂರೊ.

ಮನೆಯಲ್ಲಿ ಎಲ್ಮೆರಿ ಒತ್ತಲೇ ಇಲ್ಲ.
ದಡದಲ್ಲಿ ನಿಂತ ಬಾತುಕೋಳಿಯನ್ನು
ಬೆರಳು ಚೀಪುತ್ತಾ ನೋಡಿದ.
“ಒತ್ತು ಮರಿ, ನೀರಿಗಿಳಿಸು.”
“ಶ್, ಅಮ್ಮಾ. ಅದಕ್ಕೆ ಚಳಿ”
ಎಂದವನೇ ಕಾಲುಚೀಲ ಸರಕ್ಕನೆ ಕಳಚಿ
ಟೀವಿಗೆ ತೊಡಿಸಲು ಹೊರಟ.