ಕುರಿ ಬಿಟ್ಟ ಗೆರೆ

ಕಾಮಿಶ್ಲಿಯಲ್ಲಿ ಜನರೇಟರ್ ಒಂಬತ್ತಕ್ಕೆ ನಿಲ್ಲುತ್ತದೆ.
ಅಷ್ಟರೊಳಗೆ ನಾನು ಈ ದಿಬ್ಬ ಮುಗಿಸಬೇಕು.

ಚಿತ್ರ ಹಳೆಯದು, ಅರವತ್ತೇಳರ ಡಿಸೆಂಬರ್.
ಆಕಾಶದಲ್ಲಿ ಕೂತು ಯಾರದೋ ಗೂಢಚಾರ ಕ್ಯಾಮರಾ
ಕ್ಷಿಪಣಿ ಹುಡುಕುತ್ತಿತ್ತಂತೆ.
ಫಿಲ್ಮಿನ ಸುರುಳಿ ಛತ್ರಿ ಕಟ್ಟಿಕೊಂಡು ಮೇಲಿಂದ ಬಿತ್ತಂತೆ,
ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯಿತಂತೆ.
ಇಷ್ಟೆಲ್ಲ ಹರಸಾಹಸ ಪಟ್ಟು ಕೊನೆಗೆ
ಸೆರೆ ಸಿಕ್ಕಿದ್ದು ನಮ್ಮ ಜವೆಗೋಧಿ ಹೊಲ.

ಮೌಸಿನ ಗಾಲಿ ಉರುಳಿಸಿ ಇಳಿಯುತ್ತೇನೆ,
ಕುರ್ಚಿಯ ಮೇಲೆ ಚಕ್ಕಳಮಕ್ಕಳ ಕೂತ ಹದ್ದು.
ಬೆಳಗಿನ ಓರೆ ಬಿಸಿಲು, ಹಿಂದಿನ ದಿನ ಮಳೆಯಾಗಿರಬೇಕು,
ನೆಲ ಮುಚ್ಚಿಟ್ಟದ್ದೆಲ್ಲ ಬೆವರಿದ ಹಾಗೆ ಮೇಲೆ ಬಂದಿದೆ:
ನಡುವೆ ದಿಬ್ಬ, ಅದರ ಸುತ್ತ
ಎಂಟು ಹತ್ತು ಕಪ್ಪು ಗೆರೆ,
ನೆತ್ತಿಯ ಸುಳಿಯಿಂದ ಹೊರಟ ಬೈತಲೆಗಳ ಹಾಗೆ.

ಐದು ಸಾವಿರ ವರ್ಷದ ದಾರಿಗಳು.
ಇವತ್ತು ಅಲ್ಲಿ ನಿಂತರೆ ಏನೂ ಕಾಣುವುದಿಲ್ಲ.
ಹೋಗಿ ನಿಂತಿದ್ದೇನೆ. ಉತ್ತ ನೆಲ, ಪ್ಲಾಸ್ಟಿಕ್ ಚೀಲ, ಒಂಟಿ ಬೂಟು.
ಕಾಲಿಗೆ ತಿಳಿಯದ ತಗ್ಗು ಕಣ್ಣಿಗೆ ತಿಳಿಯುವುದು
ನೂರು ಮೈಲಿ ಮೇಲಿಂದ, ಅದೂ ಚಳಿಗಾಲದಲ್ಲಿ.

ನನ್ನ ಕೆಲಸ ಸುಲಭ. ಗೆರೆಯ ಮೇಲೆ ಗೆರೆ ಎಳೆಯುವುದು,
ಹಸುರು ಬಣ್ಣದಲ್ಲಿ, ಚುಕ್ಕೆಗೆ ಚುಕ್ಕೆ ಸೇರಿಸಿ.
ಕಷ್ಟ ಅಂದರೆ ತುದಿ.
ಮೂರು ಕಿಲೋಮೀಟರ್ ನೇರ ಹೋದ ದಾರಿ
ಊರು ಸೇರದೆ, ಹೊಳೆ ಸೇರದೆ, ಬಯಲಲ್ಲಿ
ಮಾತು ಮರೆತವರ ಹಾಗೆ ನಿಂತುಬಿಡುತ್ತದೆ.
ತುದಿಗೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತೇನೆ.
ಇಲ್ಲಿಯವರೆಗೆ ನಲವತ್ತೊಂದು.

ಚಹಾ ತಂದ ಖೆಜಾಲ್ ಅಜ್ಜಿ ಹಿಂದೆಯೇ ನಿಂತಳು,
ಕನ್ನಡಕ ಹಣೆಗೇರಿಸಿ. ದೂರದ್ದು ನೋಡಲು ಅವಳಿಗೆ ಅದು ಬೇಡ.
"ಇದೇನು, ಯಾರೋ ಬರೆ ಎಳೆದಂಗಿದೆ?"
ದಾರಿ ಅಜ್ಜಿ, ತುಂಬ ಹಳೇದು. ಎಲ್ಲಿಗೂ ಹೋಗಲ್ಲ.
"ಎಲ್ಲಿಗೂ ಹೋಗದ ದಾರಿ ಯಾರು ಮಾಡ್ತಾರೆ?"
ಗೊತ್ತಿಲ್ಲ, ಅಂದೆ.

ಮೂಗಿನಲ್ಲೇ ನಕ್ಕಳು.
"ಎಡಕ್ಕೆ ಪೈರು, ಬಲಕ್ಕೆ ಪೈರು. ಕುರಿ ಬಾಯಿ ಹಾಕಿದರೆ
ಒದೆ ತಿನ್ನೋದು ಕುರಿಯಲ್ಲ, ಕಾಯೋ ಹುಡುಗಿ.
ಅದಕ್ಕೇ ಮಂದೆನ ಒತ್ತಿ ಒತ್ತಿ ಹೊಡ್ಕೊಂಡು ಹೋಗೋದು,
ಹೊಲ ಮುಗಿಯೋವರೆಗೆ.
ಮುಗಿದಲ್ಲಿ ಬಿಟ್ಟುಬಿಡೋದು. ಅಲ್ಲಿಂದಾಚೆ
ಅವುಕ್ಕೆ ದಾರಿ ಯಾತಕ್ಕೆ?"
ಆಮೇಲೆ, ಚಹಾ ಆರುತ್ತಿದೆ ಎಂದಳು.
ಬೇರೀವಾನ್ ಅಂತ ಹಾಲು ಕರೆಯುವವಳ ಹೆಸರಿಟ್ಟುಕೊಂಡು
ಒಂದು ಕೆಚ್ಚಲೂ ಮುಟ್ಟದವಳು ನೀನು, ಎಂದಳು.

ಬಾವಿಯ ಬಳಿ ಒಂದು ಬೂದು ಮಸುಕು, ಉಗುರಿನಷ್ಟು.
ದೊಡ್ಡದು ಮಾಡಿದೆ, ಚೌಕ ಚೌಕವಾಗಿ ಒಡೆಯಿತು.
ಅಜ್ಜಿ, ಇದು ಮಂದೆ ಇರಬಹುದು. ಆಗ ನಿನಗೆ ಹನ್ನೆರಡು,
ಪಕ್ಕದಲ್ಲಿ ನೀನೇ ಇರಬಹುದು.
ನನ್ನ ಗಂಟಲು ಕಟ್ಟಿತ್ತು.
"ಯಾವ ತಿಂಗಳು ಅಂದೆ?"
ಡಿಸೆಂಬರ್.
"ಚಳಿಗೆ ನಾವು ದಕ್ಷಿಣಕ್ಕೆ ಇಳಿದಿರ್ತಿದ್ವಿ.
ಇದು ಯಾರದೋ. ನಮ್ಮದು ಇಷ್ಟು ಚಿಕ್ಕ ಮಂದೆಯೂ ಅಲ್ಲ."

ಒಂಬತ್ತಕ್ಕೆ ಆರು ನಿಮಿಷ.
ದಾರಿಯ ಬಗೆ ಯಾವುದೆಂದು ಪಟ್ಟಿ ಕೇಳುತ್ತದೆ:
ರಾಜಮಾರ್ಗ, ವ್ಯಾಪಾರ, ಕಾಲುವೆ, ಅನಿಶ್ಚಿತ, ಇತರೆ.
ಕುರಿ ಇಲ್ಲ.
ಇತರೆ ಒತ್ತಿದೆ. ಮೊದಲನೇ ಪ್ರಶ್ನಾರ್ಥಕ ಅಳಿಸಿ
ಷರಾ ಕಾಲಮ್ಮಿನಲ್ಲಿ ಬರೆದೆ:
ಹೊಲ ಇಲ್ಲಿಗೆ ಮುಗಿಯಿತು.

ಉಳಿದ ನಲವತ್ತಕ್ಕೆ
ನಾಳೆಯ ಡೀಸೆಲ್ ಬರಬೇಕು.