ಷರಾ: ಜೀರ್ಣ

ಮಾನ್ವಿಯ ತಹಸೀಲ್ ಕಚೇರಿ, ಹಿಂದಿನ ಕೋಣೆ.
ನಿಜಾಮರ ಕಾಲದ ಬಸ್ತಾ ಇಳಿಸಿದರೆ
ಮೇಲಿನ ಕೆಂಪು ಅರಿವೆ ಹಾಗೇ, ಗಂಟೂ ಹಾಗೇ;
ಒಂದೂರಿನ ಹೊಲಗಳೆಲ್ಲ ಇರಬೇಕಾದಲ್ಲಿ
ಹಸಿ ಮಣ್ಣಿನ ಕೊಳವೆಗಳು,
ಮುಟ್ಟಿದರೆ ತುಸು ಬೆಚ್ಚಗೆ.

ವಹಿಯಲ್ಲಿ ಬರೆದೆ: ಕಡತ ಇನ್ನೂರ ಹನ್ನೊಂದು. ಷರಾ: ಜೀರ್ಣ.
ಹಳತಾಯಿತು ಎನ್ನಲೂ ಇದೇ ಮಾತು,
ಅರಗಿತು ಎನ್ನಲೂ ಇದೇ.
ಯಾವುದೆಂದು ಸಾಹೇಬರು ಕೇಳಲಿಲ್ಲ, ಸಹಿ ಹಾಕಿದರು.

ರಾಯಚೂರಿನ ಕೃಷಿ ಕಾಲೇಜಿನಿಂದ
ಸೀಸೆ, ಚಿಮಟ ಹಿಡಿದು ಬಂದ ಹುಲಿಗೆಮ್ಮ
ಹಿತ್ತಲ ಹುತ್ತವನ್ನು ಸಲಿಕೆಯಿಂದ ಬಗೆದಳು.
ಒಳಗೆ ತೊಳೆದಿಟ್ಟ ಬೋಟಿಯಂತೆ
ಮಡಿಕೆ ಮಡಿಕೆ ಗೂಡು,
ಮೇಲೆ ಗಸಗಸೆ ಚೆಲ್ಲಿದ ಹಾಗೆ ಬಿಳಿ.
"ಕಾಗದ ಇವಕ್ಕ ತಾವಾಗೇ ಅರಗಂಗಿಲ್ರೀ ಸರ.
ಎಳೇವು ಅಗದು ನುಂಗಿ, ಹಂಗೇ ಹಿಂದಿನಿಂದ ಇಳಿಸಿ ಗ್ವಾಡಿ ಕಟ್ತಾವ;
ಅದರ ಮ್ಯಾಲ ಬೂಜು ಬೆಳಸ್ತಾವ.
ಬೂಜು ನಾರೆಲ್ಲಾ ಬಿಡಿಸಿ ಮೆತ್ತಗ ಮಾಡಿದ ಮ್ಯಾಲ
ಹಿರೇವು ಕುಂತು ತಿಂತಾವ.
ಅರ್ಧ ಹೊಟ್ಟಿ ಮೈಯಾಗ, ಅರ್ಧ ಮಣ್ಣಾಗ."
ಅಷ್ಟು ಹೇಳಿ ಗಾಡಿ ಹತ್ತಿ ಹೋದಳು.
ಆವತ್ತು ರೊಟ್ಟಿ ಪುಂಡಿಪಲ್ಲೆ ಬಿಚ್ಚಿದವನು
ಬಹಳ ಹೊತ್ತು ಅಗಿದೆ.

ಮುಂಬಾಗಿಲ ಬೇವಿನ ಕೆಳಗೆ ಮಖ್ದೂಮ್ ಸಾಬರು:
ಹಾಳೆಗೆ ಐವತ್ತು ರೂಪಾಯಿ, ಒಂದು ಕಣ್ಣಿಗೆ ಪೊರೆ.
ಮೂರು ತಲೆಮಾರು ಟ್ರಂಕಿನಲ್ಲಿಟ್ಟು
ನುಂಗಲೂ ಆಗದೆ ಉಗುಳಲೂ ಆಗದೆ
ಉರ್ದು ಪತ್ರ ತಂದವರಿಗೆ
ಕನ್ನಡದಲ್ಲಿ ಮೆತ್ತಗಾದ ನಾಲ್ಕು ಸಾಲು ಕೊಡುತ್ತಾರೆ:
ಮೂಡಲಿಗೆ ಹಳ್ಳ, ಪಡುವಲಿಗೆ ಬಂಡಿದಾರಿ,
ನಡುವೆ ಆರೆಕರೆ ಎರೆ.
ಅವರಿಂದ ಯಾರೂ ಕಲಿತಿಲ್ಲ. ನಾನೂ
ನಾಳೆ, ನಾಡಿದ್ದು ಅಂದವನೇ.

ಮಿರಗಾ ಮಳೆ ಎರಡು ದಿನ ಹೊಡೆದ ಮೇಲೆ
ಇನ್ನೂರ ಹನ್ನೊಂದು ಕೇಳಿಕೊಂಡು ಬಂದಳು ಕುರ್ಡಿಯ ಯಂಕಮ್ಮ.
ವಹಿ ತೆರೆದು ಷರಾ ತೋರಿಸಿದೆ. ಓದಲು ಬಾರದು ಅಂದಳು.
ಓದಿ ಹೇಳಿದೆ.
ಏನೂ ಅನ್ನದೆ ಹಿತ್ತಲಿಗೆ ನಡೆದಳು.
ಬಗೆದ ಹುತ್ತದ ಸುತ್ತ ಎದ್ದಿದ್ದವು ಅಣಬೆ,
ಒಂದೂರಿಗಾಗುವಷ್ಟು.

ಸೆರಗು ತುಂಬಿಕೊಂಡು ಹೊರಟವಳಿಗೆ
ಬೇವಿನ ಕೆಳಗಿಂದ ಕೂಗಿದರು ಮಖ್ದೂಮ್ ಸಾಬರು:
"ಚೊಲೋ ಕುದಿಸವ್ವಾ. ಹಳೇ ಉರ್ದು ಐತಿ,
ಲಗೂನ ಅರಗಂಗಿಲ್ಲ."