ಲೆಕ್ಕಕ್ಕುಂಟು

ಏಳೂ ಇಪ್ಪತ್ತಕ್ಕೆ ಗಂಟೆ.
ಏಳೂ ಇಪ್ಪತ್ತೊಂದಕ್ಕೆ ನನ್ನ ಕಿಟಕಿಯ ಮುಂದೆ
ತಡವಾದವರ ಸಾಲು.
ಬೂಟಿಗೆ ಮೆತ್ತಿದ ಮಿನೆಸೋಟದ ಹಿಮ
ರಬ್ಬರಿನ ನೆಲಹಾಸಿನ ಮೇಲೆ ಕರಗಿ ಕೆಸರಾಗುತ್ತದೆ.
ಕಾರು ಸ್ಟಾರ್ಟ್ ಆಗಲಿಲ್ಲ, ನಾಯಿ ತಪ್ಪಿಸಿಕೊಂಡಿತು,
ಅಮ್ಮ ರಾತ್ರಿಪಾಳಿಯಿಂದ ಇನ್ನೂ ಬಂದಿರಲಿಲ್ಲ.
ನಾನು ಹಳದಿ ಚೀಟಿ ಹರಿದು ಕೊಡುತ್ತೇನೆ.
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಯಾರು ಬಂದರು, ಯಾರು ಬರಲಿಲ್ಲ.

ಚೂ ಫೆಂಗ್ ಲೋರ್ ನೆಪ ಹೇಳುತ್ತಿರಲಿಲ್ಲ.
‘ತಂಗಿ’ ಅನ್ನುವನು, ಮುಗಿಯಿತು.
ಅವಳ ಪುಟ್ಟ ಶಾಲೆಯ ಬಸ್ಸು ಏಳೂ ಹದಿನೈದಕ್ಕೆ.
ಅದು ಪೆಟ್ರೋಲ್ ಬಂಕಿನ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು
ಆಮೇಲೆ ಓಡಿ ಬರುತ್ತಿದ್ದ, ಹುಬ್ಬಿನ ಮೇಲೆ ಮಂಜಿನ ಹರಳು.
ಚೀಟಿಗೆ ಚಾಚಿದ ಬೆರಳಲ್ಲಿ
ವೆಲ್ಡಿಂಗಿನ ಕಿಡಿ ಮುಟ್ಟಿದ ಕಲೆ,
ಸಾಸಿವೆಕಾಳಿನಷ್ಟು.

ಫೆಬ್ರವರಿಯಲ್ಲಿ ವಿಷಯ ಆರಿಸುವ ವಾರ.
ಇಡೀ ಶಾಲೆ ಮುಂದಿನ ವರ್ಷವನ್ನು
ಪೆನ್ಸಿಲಿನಲ್ಲಿ ಒಮ್ಮೆ ಬದುಕಿ ನೋಡುತ್ತದೆ.
ಕ್ಯಾಲ್ಕುಲಸ್, ಕುಂಬಾರಿಕೆ, ಜರ್ಮನ್ ಮೂರು,
ಊಟದ ಮೇಜಿನ ಉದ್ದಕ್ಕೂ ಚೌಕಗಳು.
ಸೊಲ್ವೈಗ್ ಐದು ಕಠಿಣ ವಿಷಯಕ್ಕೆ ಗುರುತು ಹಾಕಿದಳು,
ಒಂದನ್ನು ಅಳಿಸಿದಳು, ಮತ್ತೆ ಹಾಕಿದಳು,
ಕಾಗದ ತೂತಾಯಿತು.
ವೆಲ್ಡಿಂಗ್ ಎರಡಕ್ಕೆ ಹೆಸರು ಕೊಟ್ಟ ಉಬಾಹ್
ಹೆಲ್ಮೆಟ್ಟಿನೊಳಗೆ ಹಿಜಾಬ್ ಹಿಡಿಸುತ್ತದೆಯೇ ಎಂದು ಕೇಳಿದ್ದಕ್ಕೆ
ಟ್ವೆಟ್ ಮೇಷ್ಟ್ರು ಗಂಭೀರವಾಗಿ ಯೋಚಿಸಿ ಹೇಳಿದರು:
‘ಹತ್ತಿಯದಾದರೆ ಸರಿ. ನೈಲಾನ್ ಬೇಡ.’

ಶಾಲೆಗೆ ಹೆಚ್ಚಿನ ತೆರಿಗೆ ಬೇಡವೆಂದು
ಊರು ನವೆಂಬರಿನಲ್ಲೇ ಮತ ಹಾಕಿತ್ತು.
ಹಾಗಾಗಿ ಹೊಸ ನಿಯಮ: ಹದಿನೆಂಟು ತಲೆ ಇಲ್ಲದ ತರಗತಿ ಇಲ್ಲ.
ಜರ್ಮನ್ ಮೂರಕ್ಕೆ ಒಂಬತ್ತು. ಅದು ಸದ್ದಿಲ್ಲದೆ ಹೋಯಿತು.
ಗೋಡೆಯ ಮೇಲಿನ ಬರ್ಲಿನ್ ಚಿತ್ರವನ್ನು ಯಾರೋ ಸುರುಳಿ ಸುತ್ತಿ
ನನ್ನ ಬೀರುವಿನ ಪಕ್ಕ ನಿಲ್ಲಿಸಿ ಹೋದರು.
ವೆಲ್ಡಿಂಗ್ ಎರಡಕ್ಕೆ
ಸರಿಯಾಗಿ ಹದಿನೆಂಟು.

ಗುರುವಾರ ಚೂ ಫೆಂಗ್ ಅಪ್ಪನನ್ನು ಕರೆತಂದ.
ಅಪ್ಪ ಹ್ಮಾಂಗ್ ಭಾಷೆಯಲ್ಲಿ ಹೇಳಿದ್ದನ್ನು
ನನಗೆ ಇಂಗ್ಲಿಷಿನಲ್ಲಿ ಹೇಳಿದ, ಯಾರದೋ ಸುದ್ದಿ ಎಂಬಂತೆ:
ವಿಸ್ಕಾನ್ಸಿನ್ನಿನಲ್ಲಿ ಚಿಕ್ಕಪ್ಪ ಕೆಲಸ ಹುಡುಕಿದ್ದಾರೆ,
ಭಾನುವಾರ ಹೊರಡುತ್ತೇವೆ, ಮಗನ ಹೆಸರು ತೆಗೆಯಿರಿ.
ಅಪ್ಪ ಸಹಿ ಹಾಕುವಾಗ
ಗ್ರಂಥಾಲಯದ ಎರಡು ಪುಸ್ತಕ ಕೌಂಟರಿನ ಮೇಲಿಟ್ಟು
‘ಹಾಗಾದರೆ ಹದಿನೇಳು’ ಅಂದ.
ಅಪ್ಪನಿಗೆ ಅದನ್ನು ಅನುವಾದಿಸಲಿಲ್ಲ.

ವರ್ಗಾವಣೆಯ ಕಾಗದ ಅಂದೇ ದಾಖಲಾಗಬೇಕು.
ಪಟ್ಟಿ ಜಿಲ್ಲಾ ಕಚೇರಿಗೆ ಹೋಗುವುದು ಶುಕ್ರವಾರ ನಾಲ್ಕಕ್ಕೆ.
ಕಾಗದವನ್ನು ಸ್ಟೇಪ್ಲರಿನ ಕೆಳಗಿಟ್ಟೆ,
ಸ್ಟೇಪ್ಲರಿನ ಮೇಲೆ ಟಿಶ್ಯೂ ಡಬ್ಬ,
ಮನೆಗೆ ಹೋಗಿ ಸೂಪು ಕುದಿಸಿಕೊಂಡೆ.
ಸೋಮವಾರ ದಾಖಲಿಸಿದೆ.
ಸುಳ್ಳಲ್ಲ. ತಡ.
ತಡವಾದವರಿಗೆಲ್ಲ ಚೀಟಿ ಕೊಟ್ಟವಳಿಗೆ
ಒಂದು ಹಳದಿ ಚೀಟಿಯೂ ದಕ್ಕಬಾರದೇ?
ಅವನನ್ನು ಶಾಲೆಯ ಪಟ್ಟಿಯಿಂದ ತೆಗೆದೆ,
ತರಗತಿಯ ಪಟ್ಟಿಯಿಂದ ತೆಗೆಯಲು ಮರೆತೆ.
ಮರೆಯುವುದಕ್ಕೂ ಶ್ರದ್ಧೆ ಬೇಕು.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವನದು ತಿರುವುಮುರುವು.
ಸೆಪ್ಟೆಂಬರಿನ ಮೊದಲ ದಿನ ಟ್ವೆಟ್ ಮೇಷ್ಟ್ರು
ಹದಿನೇಳು ಹೆಸರು ಕೂಗಿ, ಹದಿನೆಂಟನೆಯದನ್ನೂ ಕೂಗಿದರಂತೆ,
ಎಂದಿನ ದನಿಯಲ್ಲೇ.
ಯಾರೂ ನಗಲಿಲ್ಲವಂತೆ.
ಉಬಾಹ್ ಮುಖದ ಮೇಲಿನ ಗಾಜನ್ನು ಕೆಳಗೆ ಎಳೆದುಕೊಂಡಳು,
ನೀಲಿ ಬೆಳಕು ಹೊತ್ತಿತು.

ಈಗ ದಿನವೂ ಮೂರನೆಯ ಪಿರಿಯಡ್ ಮುಗಿದಾಗ
ವರ್ಕ್‌ಶಾಪಿನಿಂದ ನನಗೊಂದು ಸಾಲು ಬರುತ್ತದೆ:
ಲೋರ್, ಚೂ ಫೆಂಗ್. ಗೈರು.
ಪಕ್ಕದಲ್ಲಿ ಕಾರಣದ ಖಾನೆ, ಮಿಟುಕುವ ಕರ್ಸರು.
ಹೊರಗೆ ಯಾವುದೋ ಬಸ್ಸು ತಿರುವು ದಾಟುತ್ತದೆ.
ಅದು ಮರೆಯಾಗುವ ತನಕ ನೋಡಿ
ಟೈಪ್ ಮಾಡುತ್ತೇನೆ:
ತಂಗಿ.